ಬಟಾಣಿಯ ಬಾಲ

ಮೌಲಾಹುಸೇನ ಮಾಸ್ತರರ ತಟ್ಟೆಯಿಂದ ಒಂದೇ ಒಂದು ಬಟಾಣಿ ಕಾಳು ಉರುಳಿ ನೆಲಕ್ಕೆ ಬಿದ್ದದ್ದೇ ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ.

ಅವರು ಕುಷ್ಟಗಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು, ಮನೆ ಗಂಗಾವತಿಯಲ್ಲಿ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಆರು ವರ್ಷ ಹೀಗೆ ಓಡಾಡಿ ಅವರ ಸೊಂಟ ಹಳೇ ಕೊಡೆಯ ಕಡ್ಡಿಯಂತಾಗಿತ್ತು. ಗಂಗಾವತಿಯ ಶಿಕ್ಷಣ ಇಲಾಖೆ ಕಚೇರಿಯ ಕೆಲಸಕ್ಕೆ ಹಾಕಿರೆಂದು ಕೇಳಿ ಬರೆದ ಅರ್ಜಿ ಹೆಡ್‌ಮಾಸ್ತರ ಯಂಕೋಬರ ಫೈಲಿನಲ್ಲಿತ್ತು. ಅವತ್ತು ಕೊಪ್ಪಳದಿಂದ ತಪಾಸಣೆಗೆ ಬರುವ ಸಾಹೇಬರು ಅದಕ್ಕೆ ಸಹಿ ಹಾಕಬೇಕಿತ್ತು.

ಬಿಸಿಯೂಟಕ್ಕೆ ಎದುರು ಕೂತಿದ್ದ ಎಂಟನೇ ತರಗತಿಯ ಅನುಷಾ ಬಿದ್ದ ಕಾಳನ್ನು ತೋರಿಸಿ, "ಸರ್, ಇದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ್ರಿ?" ಎಂದಳು.

"ಪೀ" ಎಂದರು ಮಾಸ್ತರರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪದಗಳ ಹುಟ್ಟಿನ ಮಾತು ಬಂದರೆ ಅವರಿಗೆ ಅನ್ನ ನೀರು ಬೇಡ.

"ಮೊದಲ ಇದು ಪೀ ಇರ್ಲಿಲ್ಲವಾ, ಪೀಸ್ ಇತ್ತು. ಒಂದ ಕಾಳಿದ್ರೂ ಪೀಸ್, ರಾಶಿ ಇದ್ರೂ ಪೀಸ್. ಮಂದಿ ಕಡೀಗಿನ ಎಸ್ ಕೇಳಿ, ಇದು ಭಾಳ ಕಾಳಿನ ಹೆಸರು ಅಂದ್ಕೊಂಡ್ರು. ಹಂಗಾದ್ರ ಒಂದಕ್ಕ ಏನನ್ನಬೇಕು? ಬಾಲ ಕತ್ತರಿಸಿ ಪೀ ಅಂದ್ರು! ಚೆರಿ ಹಣ್ಣಿಂದೂ ಇದ ಕತಿ. ಫ್ರೆಂಚರ ಕಡಿಂದ ಬಂದಾಗ ಅದು ಚೆರೀಸ್."

"ಅದು ತಪ್ಪಲ್ಲೇನ್ರಿ?"

"ತಪ್ಪ. ಆದ್ರ ಎಲ್ಲಾರೂ ಕೂಡಿ ಮಾಡಿದ್ರಲ್ಲ, ಅದಕ್ಕ ಈಗ ಸರಿ."

"ಊಟ ಮಾಡ್ರಿ ಸರ, ಪಲಾವ್ ಆರಾಕತ್ತೈತಿ," ಎಂದಳು ಅಡುಗೆಯ ಹಂಪವ್ವ. ಯಾರಿಗೂ ಕೇಳಿಸಲಿಲ್ಲ. ಮಕ್ಕಳು ಆಗಲೇ ಸಿಕ್ಕಸಿಕ್ಕ ಪದಗಳ ಬಾಲ ತಡವತೊಡಗಿದ್ದರು.

ಮೂರು ಗಂಟೆಗೆ ಸಾಹೇಬರು ಬಂದರು. ಯಂಕೋಬ ಮತ್ತು ಮಾಸ್ತರರ ಜೊತೆ ಎಂಟನೇ ತರಗತಿಗೆ ಹೊಕ್ಕು, ಶಾಲೆಗೆ ಹೇಗೆ ಬರುತ್ತೀ ಎಂದು ಅನುಷಾಳನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಬೈ ಬ, ಸರ್."

"ಏನದು ಬ?"

"ಒಂದ ಇದ್ರ ಬ, ಎರಡು ಬಂದ್ರ ಬಸ್. ನಮ್ಮೂರಿಗೆ ಒಂದ ಬ ಬರ್ತೈತ್ರಿ. ಪೀಸ್‌ನ ಬಾಲ ಕತ್ತರಿಸಿ ಪೀ ಮಾಡ್ಯಾರಂತಲ್ರಿ, ಹಂಗ."

"ಇದು ನಮ್ಮ ಕ್ಲಾ ಸರ್!" ಎಂದು ಹಿಂದಿನ ಬೆಂಚು ಕೂಗಿತು.

ಸಾಹೇಬರ ಮುಖ ರೊಟ್ಟಿ ಹಂಚಿನಂತೆ ಕಾದಿತು. ಯಂಕೋಬ ಯಾರೂ ಕೇಳದಿದ್ದರೂ, "ನಾ ಅಲ್ರಿ, ಮೌಲಾಹುಸೇನ್ ಸರ್ ಕಲಿಸ್ಯಾರ," ಎಂದರು.

"ಇಂಥವ್ರು ಹುಡುಗರ ಸನಿಹಾನ ಇರಬಾರ್ದು! ಯಾವುದಾರ ಆಫೀಸಿನ್ಯಾಗ ಫೈಲ್ ಕಟ್ಟಕೊಂತ ಕುಂದ್ರಲಿ!"

"ಗಂಗಾವತಿ ಆಫೀಸಿಗೆ ಹಾಕ್ರಿ ಅಂತ ಅವರ ಕೇಳ್ಯಾರ್ರಿ," ಎಂದು ಯಂಕೋಬ ಅರ್ಜಿ ಮುಂದೆ ಹಿಡಿದರು. ಸಾಹೇಬರು ಪೆನ್ನು ತೆಗೆದರು. ಮಾಸ್ತರರು ಇನ್ನರ್ಧ ನಿಮಿಷ ಸುಮ್ಮನಿದ್ದರೆ ಆರು ವರ್ಷದ ವನವಾಸ ಮುಗಿಯುತ್ತಿತ್ತು.

"ಪೀಸ್‌ಗೆ ಬಾಲ ಅಂತ! ಬರೇ ಸುಳ್ಳು," ಎಂದು ಗೊಣಗಿದರು ಸಾಹೇಬರು.

"ಸುಳ್ಳಲ್ರಿ," ಎಂದುಬಿಟ್ಟರು ಮಾಸ್ತರರು. ಯಂಕೋಬ ಅವರ ಕಾಲು ತುಳಿದರು. ಮಾಸ್ತರರು ಕಾಲು ಎಳೆದುಕೊಂಡು ಮುಂದುವರಿಸಿದರು. "ಬ ಅನ್ನೂದು ಹುಡುಗ್ರು ಕಟ್ಟಿದ್ದು. ಆದ್ರ ಪೀ ಖರೇನ. ಬೇಕಾದ್ರ ಡಿಕ್ಷನರಿ ನೋಡ್ರಿ."

ಸಾಹೇಬರು ಹಟಕ್ಕೆ ಬಿದ್ದು ಫೋನು ತೆರೆದರು. ಓದಿದರು. ಮತ್ತೊಮ್ಮೆ ಓದಿದರು. ನಿಧಾನಕ್ಕೆ ಬೆಂಚಿನ ಮೇಲೆ ಕೂತರು.

"ಅರೆ! ಚೆರೀನೂ ಖರೇ ಐತಲ್ರಿ!"

ಆಮೇಲೆ ಅರ್ಧ ಗಂಟೆ ಇಬ್ಬರೂ ಒಂದೇ ಫೋನಿನ ಮೇಲೆ ಬಾಗಿ ಕೂತಿದ್ದರು. ಮಕ್ಕಳು ಸುತ್ತ ಮುತ್ತಿಕೊಂಡರು. ತಪಾಸಣೆ ಮರೆತೇಹೋಯಿತು. ಹೊರಡುವಾಗ ಸಾಹೇಬರು ಮಾಸ್ತರರ ಎರಡೂ ಕೈ ಹಿಡಿದುಕೊಂಡರು.

"ಐವತ್ತು ವರ್ಷದಿಂದ ಬಟಾಣಿ ತಿನ್ನಾಕತ್ತೀನಿ, ಒಬ್ಬರೂ ಇದನ್ನ ಹೇಳಿರ್ಲಿಲ್ಲ. ನಿಮ್ಮಂಥವ್ರು ಫೈಲ್ ಕಟ್ಟೂದಂದ್ರ ಏನ್ರಿ? ನೀವು ಇಲ್ಲೇ ಇರಬೇಕು, ರಿಟೈರ್ ಆಗೂತನಕ!"

ಹಾಗೆಂದವರೇ ಅರ್ಜಿಯನ್ನು ನಾಲ್ಕು ತುಂಡು ಮಾಡಿದರು.

ಸಂಜೆ ಹೆಂಡತಿ ದಾವಲಬೀಯ ಫೋನು ಬಂತು. "ಸಾಹೇಬ್ರು ಬಂದಿದ್ರಾ? ಏನಾತ್ರಿ?"

"ನಂದ ಖರೇ ಅಂತ ಒಪ್ಪಿದ್ರು!"

"ಭಾಳ ಛಲೋ ಆತು. ಸಹಿ ಹಾಕಿದ್ರಾ?"

"ಹಲೋ? ಹಲೋ? ಏನೂ ಕೇಳಸವಲ್ದು," ಎಂದರು ಮಾಸ್ತರರು. ಅವಳ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ವಚ್ಛವಾಗಿ ಕೇಳಿಸುತ್ತಿತ್ತು.