ಕಾರ್ಬುರೇಟರಿನ ಬಾಯಿ

ದೊಡ್ಡದನ್ನು ಕಂಡರೆ ಕೈಮುಗಿಯುವುದು ನಮಗೆ ಹುಟ್ಟಿನಿಂದ ಅಂಟಿದ ರೋಗ. ದೋಸೆ ದೊಡ್ಡದಿದ್ದರೆ ಹೋಟೆಲು ಒಳ್ಳೆಯದು, ಗಣೇಶ ದೊಡ್ಡದಿದ್ದರೆ ಬೀದಿಯೇ ಒಳ್ಳೆಯದು. ನಾನು ಬಸವನಗುಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಈ ರೋಗ ನನಗಾದರೂ ತಗಲಬಾರದಿತ್ತು. ಕೊಳವೆ ಕಿರಿದಾದಷ್ಟೂ ಅದರೊಳಗಿನ ಗಾಳಿಗೆ ವೇಗ ಹೆಚ್ಚು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು, ಆಕಳಿಸುವ ಹುಡುಗರ ಮೇಲೆ ರೇಗಾಡಿ ಪಾಠ ಮಾಡುತ್ತೇನೆ. ಆದರೆ ಪಾಠ ಇರುವುದು ಮಕ್ಕಳಿಗೆ, ಮೇಷ್ಟ್ರಿಗಲ್ಲ.

ಮಲ್ಲೇಶ್ವರದಲ್ಲಿರುವ ನನ್ನ ಭಾವಮೈದ ನಾಗು ಕನಕಪುರದಾಚೆ ಕೆರೆಯೊಂದರ ದಂಡೆಯಲ್ಲಿ ತೋಟ ಮಾಡಿದ್ದಾನೆ. ಅಲ್ಲಿ ಒಂದು ನಿಂಬೆಗಿಡವೂ ನೆಟ್ಟಗೆ ಬಂದಿಲ್ಲ, ಅಷ್ಟರಲ್ಲಿ ಯಾರದೋ ಹಳೆಯ ಮೋಟಾರು ದೋಣಿ ಕೊಂಡ. ಮಾವನವರಿಗೆ ಎಂಬತ್ತು ತುಂಬುವ ದಿನ ಮನೆಯವರೆಲ್ಲ ಅದರಲ್ಲಿ ಕೆರೆ ದಾಟಿ, ಆಚೆ ದಡದ ದೇವಸ್ಥಾನದಲ್ಲಿ ಪೂಜೆ ಮಾಡಿಸುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಕಾರ್ಬುರೇಟರ್, ಅಂದರೆ ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಭಾಗ, ಕೆಟ್ಟು ಕೂತಿತು. "ನಾನಿದೀನಲ್ಲ!" ಎಂದುಬಿಟ್ಟೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನಾನು ಒಂದು ಬಲ್ಬು ಬದಲಾಯಿಸಿದವನಲ್ಲ. ಎಂಜಿನ್ನು ಓಡಿದರೆ ಅಳಿಯನ ಮಾನ ಉಳಿಯುತ್ತಿತ್ತು, ಓಡದಿದ್ದರೆ ಅತ್ತೆಯವರು ಜೀವ ಇರುವತನಕ ಆಡಿಕೊಳ್ಳುತ್ತಿದ್ದರು.

ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಎರಡು ಕಾರ್ಬುರೇಟರ್ ತೋರಿಸಿದ. ಒಂದು ಹಳೆಯದರ ಅಳತೆಯದೇ, ಇನ್ನೊಂದು ಅಗಲ ಬಾಯಿಯದು. ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ ಪರ್ಸನಾಲಿಟಿಗೆ ದೊಡ್ದೇ ಸರಿ ಸಾರ್" ಎಂದ. ಇಷ್ಟು ವೈಜ್ಞಾನಿಕವಾದ ವಿವರಣೆ ಸಿಕ್ಕ ಮೇಲೆ ಇನ್ನೇನು ಯೋಚನೆ? ಬಾಯಿ ದೊಡ್ಡದಾದರೆ ಗಾಳಿ ಜಾಸ್ತಿ, ಗಾಳಿ ಜಾಸ್ತಿಯಾದರೆ ಶಕ್ತಿ ಜಾಸ್ತಿ ಎಂದು ದಾರಿಯುದ್ದಕ್ಕೂ ಆಟೋದವನಿಗೆ ಪಾಠ ಹೇಳುತ್ತಾ ಚಾಮರಾಜಪೇಟೆಯ ನಮ್ಮ ಮನೆಗೆ ಬಂದೆ.

ನಾನೂ ನಾಗುವೂ, ದೋಣಿಯಿಂದ ಬಿಚ್ಚಿ ತಂದಿದ್ದ ಎಂಜಿನ್ನಿಗೆ ಅದನ್ನು ಹೇಗೋ ಕೂರಿಸಿ, ಎಂಜಿನ್ನನ್ನು ಅದರ ರೆಕ್ಕೆ ಮುಳುಗುವಂತೆ ಹಿತ್ತಲಿನ ನೀರಿನ ಡ್ರಮ್ಮಿಗೆ ಬಿಗಿದೆವು. "ರೀ, ಅದು ಕಾವೇರಿ ನೀರು ಕಣ್ರೀ! ನಾಳೆ ನಲ್ಲೀಲಿ ಬರಲ್ಲ!" ಎಂದು ನನ್ನ ಹೆಂಡತಿ ಸುಮಾ ಕೂಗುತ್ತಿರುವಾಗಲೇ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಅಬ್ಬಾ, ಏನು ಆರ್ಭಟ! ಪಿಸ್ಟನ್ನು ಹಾರಿ ಆಚೆ ಬೀದಿಗೆ ಬಿತ್ತೇನೋ ಅನ್ನಿಸಿತು. ಡ್ರಮ್ಮಿನ ನೀರೆಲ್ಲ ಗೋಡೆ ಹತ್ತಿ ಪಕ್ಕದ ಮನೆಯವರ ಒಣಗಿದ ಬಟ್ಟೆಯ ಮೇಲೆ ಬಿತ್ತು. ಆ ಮನೆಯ ರಾಯರು ಗೋಡೆಯ ಮೇಲಿಂದ ಇಣುಕಿ, "ಏನ್ ಮೇಷ್ಟ್ರೇ, ಬೋರ್ ಕೊರೆಸ್ತಿದೀರಾ? ನೀರ್ ಸಿಕ್ಕಂಗಿದೆ!" ಎಂದರು. ನಾನು ಎದೆಯುಬ್ಬಿಸಿ ನಿಂತಿದ್ದೆ.

ಪೂಜೆಯ ದಿನ ದೋಣಿ ತುಂಬಿತು. ಮಾವ, ಅತ್ತೆ, ಸುಮಾ, ನಾಗು, ಅವನ ಹೆಂಡತಿ, ಪುಳಿಯೋಗರೆಯ ಕೊಳದಪ್ಪಲೆ, ನಾನು. ಹಗ್ಗ ಎಳೆದೆ, ಎಂಜಿನ್ನು ಹೊತ್ತಿತು. ಗೇರು ಹಾಕಿದೆ, ಗೊರಗೊರ ಎಂದು ಕೆಮ್ಮಿ ಪ್ರಾಣ ಬಿಟ್ಟಿತು. ಮತ್ತೆ ಎಳೆದೆ, ಮತ್ತೆ ಸತ್ತಿತು. ಆಗ ಹೊಳೆಯಿತು ನನ್ನದೇ ಪಾಠ. ಅಗಲ ಬಾಯಲ್ಲಿ ಗಾಳಿ ನಿಧಾನ. ನಿಧಾನದ ಗಾಳಿಗೆ ಪೆಟ್ರೋಲನ್ನು ಸೆಳೆದು ಚದುರಿಸುವ ಕಸುವಿಲ್ಲ. ಊದುಗೊಳವೆ ಬಿಟ್ಟು ಬಾಯಗಲಿಸಿ ಊದಿದರೆ ಒಲೆ ಹೊತ್ತುತ್ತದೆಯೇ? ಎಂಜಿನ್ನು ಒಮ್ಮೆ ಜೋರಾಗಿ ತಿರುಗತೊಡಗಿದರೆ ದೊಡ್ಡ ಬಾಯಿ ಬೇಕಾದಷ್ಟು ಶಕ್ತಿ ಕೊಡುತ್ತದೆ, ನಿಜ. ಹಿತ್ತಲಲ್ಲಿ ಅಷ್ಟು ಆರ್ಭಟಿಸಿದ್ದೂ ಎಳೆಯಲು ದೋಣಿಯ ಭಾರ ಇಲ್ಲದ್ದರಿಂದಲೇ. ಆದರೆ ಭಾರ ಹೊತ್ತು ಮೊದಲ ಹೆಜ್ಜೆ ಇಡಲು ಬೇಕಾದ ಎಳೆತ, ಆ ಟಾರ್ಕು, ಸಣ್ಣ ಬಾಯಿಯಿಂದಲೇ ಬರಬೇಕು. ಇದನ್ನೆಲ್ಲ ಚಿತ್ರಸಮೇತ ವಿವರಿಸಲು ಹೊರಟೆ. ಆಚೆ ದಡದಲ್ಲಿ ಪೂಜಾರಿಗಳು ಗಂಟೆ ಬಾರಿಸುತ್ತಲೇ ಇದ್ದರು. ಮಾವನವರು ಮಡಿಪಂಚೆಯಲ್ಲಿ ಸುಮ್ಮನೆ ಆ ಕಡೆ ನೋಡುತ್ತ ಕೂತಿದ್ದರು. ಅವರ ಮುಖ ನೋಡಿ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.

"ಅಮ್ಮಾ, ಬಾಯಿ ದೊಡ್ಡದಾಗ್ಬಿಟ್ಟಿದೆಯಂತೆ, ಭಾರ ಎಳೀತಿಲ್ಲ" ಎಂದ ನಾಗು.

"ಹಾಗಾದ್ರೆ ಇಳಿಸ್ಬಿಡೋ. ದಡದಲ್ಲಿ ಬಿಟ್ಟು ಹೋಗೋಣ" ಎಂದರು ಅತ್ತೆ.

"ಕಾರ್ಬುರೇಟರ್ ಇಳಿಸಿದ್ರೆ ಎಂಜಿನ್ನೇ ಓಡಲ್ವಲ್ಲಮ್ಮಾ!"

"ಕಾರ್ಬುರೇಟರ್ ಅಂದೋರ್ಯಾರು? ನಾನು ಅಳಿಯಂದ್ರ ವಿಷಯ ಹೇಳ್ತಿದೀನಿ."

ಸುಮಾ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ನಾಗು ಹಗ್ಗ ಎಳೆದ. ದೋಣಿ ಒಮ್ಮೆ ಕೆಮ್ಮಿತು, ತಡವರಿಸಿತು, ಆಮೇಲೆ ಬಿಟ್ಟ ಬಾಣದಂತೆ ಹೋಯಿತು ನೋಡಿ! ಸುಮಾ ಹಿಂದಿರುಗಿ ಕೈ ಬೀಸಿದಳು. ಭಾರ ಇಳಿದದ್ದರಿಂದ ಎಂಜಿನ್ನು ವೇಗ ಹಿಡಿಯಿತು, ನನ್ನ ಲೆಕ್ಕವೇ ಸರಿ, ಎಂದು ನಾನು ಕೂಗಿಕೊಂಡೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಪುಳಿಯೋಗರೆಯೂ ಆಚೆ ದಡಕ್ಕೆ ಹೋಗಿತ್ತು.

ವಾಪಸು ಬಂದಾಗ ಮಾವನವರ ಮುಖ ಅರಳಿತ್ತು. "ಏನ್ ಸ್ಪೀಡು ಅಳಿಯಂದ್ರೇ! ಎಂಬತ್ತು ವರ್ಷದಲ್ಲಿ ಇಂಥ ಸವಾರಿ ಮಾಡಿರ್ಲಿಲ್ಲ. ಮುಂದಿನ ವರ್ಷಾನೂ ಹೋಗೋಣ" ಎಂದರು. ನನಗೂ ಜೀವ ಬಂತು. ಅಷ್ಟರೊಳಗೆ ಸರಿಯಾದ ಅಳತೆಯ ಕಾರ್ಬುರೇಟರ್ ತಂದು ನಾನೇ ಕೂರಿಸುತ್ತೇನೆ ಎಂದೆ.

ಮಾವನವರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. "ಬೇಡಪ್ಪಾ, ಎಂಜಿನ್ ಮುಟ್ಬೇಡಿ. ಚೆನ್ನಾಗೇ ಇದೆ. ನೀವು ಇಳಿದ್ರೆ ಸಾಕು."