ಮಡಿಯಲ್ಲಿ ಓಡಿದ ಮಾವ

ಮನೆ ಬಿಟ್ಟು ಓಡಿಹೋದ ಗಂಡಸೊಬ್ಬ ಎಲ್ಲರ ವಂಶದಲ್ಲೂ ಇರುತ್ತಾನೆ. ನಮ್ಮ ವಂಶದಲ್ಲಿದ್ದವರು ಮಾತ್ರ ದಿನಾ ಬೆಳಿಗ್ಗೆ ಐದಕ್ಕೆ ಓಡಿಹೋಗಿ ಆರಕ್ಕೆಲ್ಲ ವಾಪಸು ಬಂದುಬಿಡುತ್ತಿದ್ದರು! ಒಮ್ಮೆ ಹೋದವನು ಹೋದ ಅಂದರೆ ಮನೆಯವರು ಅತ್ತು ಸುಮ್ಮನಾಗಬಹುದು. ದಿನಾ ಹೋಗಿ ದಿನಾ ಬರುವವರನ್ನು ಏನು ಮಾಡುವುದು ಹೇಳಿ?

ಇವರು ನನ್ನ ಸೋದರಮಾವ. ಆದೋನಿಯಲ್ಲಿ ಸರಕಾರಿ ಗುಮಾಸ್ತರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಮ್ಮೂರಿನಲ್ಲಿ ಮನುಷ್ಯ ಓಡುವುದಕ್ಕೆ ಮೂರೇ ಕಾರಣಗಳಿದ್ದವು. ರೈಲು ತಪ್ಪಬೇಕು, ನಾಯಿ ಬೆನ್ನು ಹತ್ತಬೇಕು, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಬೇಕು. ಹಾಗಾಗಿ ಮಾವ ಮೊದಲ ದಿನ ಹತ್ತಿ ಮಾರುಕಟ್ಟೆಯ ರಸ್ತೆಯಲ್ಲಿ ಓಡಿದಾಗ ಬಂಡಿಯವನೊಬ್ಬ "ಏಮೈಂದಿ ಸಾಮೀ? ಯಾರಿಗೇನಾತ್ರಿ?" ಅಂತ ಕೂಗಿ, ಉತ್ತರಕ್ಕೂ ಕಾಯದೆ ತಾನೂ ಹಿಂದೆ ಓಡಿದ. ಅವನ ಹಿಂದೆ ಇಬ್ಬರು ಹಮಾಲರು ಓಡಿದರು. ನಾಲ್ಕು ಜನ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತದ್ದು ಕಂಡು ನಮ್ಮ ಅಮ್ಮ ಏನೂ ಕೇಳದೆ ಅಳಲು ಶುರು ಮಾಡಿದಳು. ಯಾರಿಗೂ ಏನೂ ಆಗಿಲ್ಲ ಅಂತ ಗೊತ್ತಾದಾಗ ಹಮಾಲರ ಮುಖ ಸಣ್ಣಗಾಯಿತು. ಪಾಪ, ಅಷ್ಟು ದೂರ ಓಡಿ ಬಂದಿದ್ದರು! ಚಹಾ ಕುಡಿಸಿ ಕಳಿಸಿದೆವು.

ಮಾವನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಎಂಟು ವರ್ಷದವಳೊಬ್ಬಳು, ನಾಲ್ಕು ವರ್ಷದವಳೊಬ್ಬಳು, ಇಬ್ಬರು ಹೆಣ್ಣುಮಕ್ಕಳು. ಪಕ್ಕದ ಮನೆಯಲ್ಲೇ ಇದ್ದ ಅಕ್ಕ, ಅಂದರೆ ನಮ್ಮ ಅಮ್ಮ, ಅಡುಗೆ ಮಾಡಿ ಕಳಿಸುತ್ತೇನೆ ಅಂದರೂ ಮಾವ ಒಪ್ಪಲಿಲ್ಲ. ಕಾರಣ, ಪತ್ತಿಕೊಂಡದ ಅಜ್ಜಿ. ತೀರಿಕೊಂಡವರ ತಾಯಿ ಇವರು. ಮಗಳ ವರ್ಷಾಬ್ದಿಕ ಮುಗಿದ ದಿನವೇ ಕಟ್ಟಪ್ಪಣೆ ಹೊರಡಿಸಿದ್ದರು.

"ಅಳಿಯಂದ್ರ, ಮಡಿ ಅಡಿಗಿ ಇಲ್ಲದ ಮನ್ಯಾಗ ನನ್ನ ಮೊಮ್ಮಕ್ಕಳು ಬೆಳಿಯೂದು ಬ್ಯಾಡ. ನಿಮ್ಮ ಕೈಲೆ ಆದ್ರ ಮಾಡ್ರಿ. ಆಗದಿದ್ರ ಇಬ್ಬರನ್ನೂ ನಾ ಕರ್ಕೊಂಡು ಹೋಗ್ತೀನಿ."

ಅದನ್ನು ಪರೀಕ್ಷಿಸಲು ಯಾವಾಗ ಬೇಕಾದರೂ ಬಸ್ಸಿನಿಂದ ಇಳಿಯುತ್ತಿದ್ದರು. ಮಾವನಿಗೋ, ಮಕ್ಕಳು ಹೋದರೆ ಮನೆಯಲ್ಲಿ ಉಳಿಯುವುದು ತಾವು ಮತ್ತು ಒಲೆ ಮಾತ್ರ.

"ಹಂಗಾರ ಆ ಓಡೂದರೆ ಬಿಡೋ" ಅಂದಳು ಅಮ್ಮ.

"ಬಿಟ್ರ ದಿನಾ ಸಿಟ್ಟು ಎಲ್ಲಿ ಇಳಿಸ್ಲಿ ಅಕ್ಕಾ? ಮಕ್ಕಳ ಮ್ಯಾಲೇನು?" ಅಂದರು ಮಾವ.

ಓಟವೂ ಬೇಕು, ಮಡಿಯೂ ಬೇಕು. ನಿಮ್ಮ ನಮ್ಮಂಥವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆವು. ಮಾವ ಹಾಗಲ್ಲ, ಬುದ್ಧಿವಂತರು! ನಸುಕಿನಲ್ಲೇ ತಣ್ಣೀರು ಸುರಿದುಕೊಂಡು, ಗಳದ ಮೇಲಿನ ಮಡಿ ಧೋತರ ಇಳಿಸಿ ಕಚ್ಚೆ ಹಾಕಿ ಮೊಣಕಾಲ ಮೇಲೆ ಸಿಕ್ಕಿಸಿ, ಇದ್ದಲಿ ಒಲೆಯ ಮೇಲೆ ಬೇಳೆ ಬೇಯಲಿಟ್ಟು, ದೊಡ್ಡ ಮಗಳನ್ನು ಒಲೆಯಿಂದ ಮಾರು ದೂರ ಕೂರಿಸಿ, ಕೈಯಲ್ಲೊಂದು ತಾಮ್ರದ ತಂಬಿಗೆ ಹಿಡಿದು ಊರಾಚೆಯ ಬಾವಿಗೆ ಬರಿಗಾಲಲ್ಲಿ ಓಡುವುದು. ದಾರಿಯಲ್ಲಿ ಯಾರೂ ಮುಟ್ಟದಿದ್ದರೆ, ವಾಪಸು ಬಂದಾಗಲೂ ಮಡಿಯೇ!

"ಬೀದಿ ತುಂಬ ಓಡಿ ಬಂದು ಎಂಥಾ ಮಡಿ ಅದು?" ಅಂತ ಅಜ್ಜಿ ಒಮ್ಮೆ ಗದರಿದರು.

"ನೀವು ಬಾವಿಯಿಂದ ಮಡಿನೀರು ತರೂದಿಲ್ಲೇನ್ರಿ? ನೀವು ನಡೀತೀರಿ, ನಾ ಓಡ್ತೀನಿ, ಅಷ್ಟ" ಅಂತ ಮಾವ ತಂಬಿಗೆ ತೋರಿಸಿದರು. ತುಳುಕಿ ತುಳುಕಿ ಅದರ ತಳದಲ್ಲಿ ಪೂಜೆಯ ಒಂದು ಉದ್ಧರಣೆಯಷ್ಟು ನೀರು ಉಳಿದಿತ್ತು. ಶಾಸ್ತ್ರದಲ್ಲಿ ವೇಗದ ಮಿತಿ ಬರೆದಿಲ್ಲವಾದ್ದರಿಂದ ಅಜ್ಜಿ ಒಪ್ಪಲೇಬೇಕಾಯಿತು.

ಹೀಗೆ ಆದೋನಿಯ ಬೆಳಗುಗಳು "ದೂರ! ದೂರ! ಮಡಿ!" ಅನ್ನುವ ಕೂಗಿನಿಂದ ಶುರುವಾಗತೊಡಗಿದವು. ಬಂಡಿಯವರು, ಹಾಲಿನವರು ಎಲ್ಲರೂ ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದರು. ನಾಯಿಗಳಿಗೆ ಯಾರು ಹೇಳಬೇಕು? ಒಂದು ನಾಯಿ ಸೋಕಿದರೆ ಮುಗಿಯಿತು, ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಓಟ. ಕೆಲವು ದಿನ ಮೂರು ಸ್ನಾನ, ಮೂರು ಓಟ! ಮಾವನಿಗೆ ಅಂಥ ದಮ್ಮು ಎಲ್ಲಿಂದ ಬಂತು ಅಂತ ಊರವರು ಬೆರಗಾಗುತ್ತಿದ್ದರು. ಆ ಕೀರ್ತಿ ನಿಜವಾಗಿ ನಮ್ಮ ಬೀದಿಯ ನಾಯಿಗಳಿಗೆ ಸಲ್ಲಬೇಕು.

ಇನ್ನು ವೇಗ ಅಳೆಯುವುದು ಹೇಗೆ? ಬೇಳೆಯಿಂದ! ಬೇಳೆ ಬೇಯುವುದರೊಳಗೆ ಬಂದರೆ ಗೆದ್ದಂತೆ. ಸೋತ ದಿನ ದೊಡ್ಡವಳು ಬಾಗಿಲಲ್ಲೇ ಫಲಿತಾಂಶ ಸಾರುತ್ತಿದ್ದಳು: "ಅಪ್ಪಾ, ಇವತ್ತು ಬ್ಯಾಳಿ ನಿಮ್ಮಕಿಂತ ಮೊದಲ ಬಂತು!" ಒಂದು ತಿಂಗಳು ಮಾವ ದಿನಾ ಗೆದ್ದು ಎದೆ ಉಬ್ಬಿಸಿಕೊಂಡು ತಿರುಗಿದರು. ಅಂಗಡಿಯವನು ಹಳೇ ಬೇಳೆ ಕೊಟ್ಟಿದ್ದಾನೆ, ಅದು ಮಧ್ಯಾಹ್ನವಾದರೂ ಬೇಯುವುದಿಲ್ಲ ಅಂತ ಅಮ್ಮನೇ ಕೊನೆಗೆ ಕಂಡುಹಿಡಿದಳು.

ಪ್ರತಿ ಜನವರಿಯಲ್ಲಿ ಊರಿನ ವ್ಯಾಪಾರಸ್ಥರು ಒಂದು ಓಟದ ಪಂದ್ಯ ನಡೆಸುತ್ತಿದ್ದರು. ಮೊದಲ ಬಹುಮಾನ ಗೋಡೆ ಗಡಿಯಾರ. ಮಾವ ತಂಬಿಗೆ ಸಮೇತ ಹಾಜರಾದರು. ತಂಬಿಗೆ ಹಿಡಿದು ಓಡಬಾರದು ಅಂತ ನಿಯಮ ಇರಲಿಲ್ಲ. ಮತ್ತೆ ನಂಬುತ್ತೀರೋ ಇಲ್ಲವೋ, ಹತ್ತಿ ಗಿರಣಿಯ ಗಟ್ಟಿಮುಟ್ಟು ಹುಡುಗರನ್ನೆಲ್ಲ ಹಿಂದೆ ಹಾಕಿ ಮೊದಲು ಬಂದೇಬಿಟ್ಟರು! ಬಂದವರು ಕೊನೆಯಲ್ಲಿ ಕಟ್ಟಿದ್ದ ಟೇಪನ್ನು ಕಂಡದ್ದೇ ಗಕ್ಕನೆ ಬಗ್ಗಿ ಅದರ ಕೆಳಗೆ ನುಸುಳಿ ಮನೆಯ ಕಡೆ ಹೋಗಿಬಿಟ್ಟರು. ಹಿಂದೆ ಬಂದವನು ಟೇಪು ಹರಿದ, ಗಡಿಯಾರ ತಗೊಂಡ.

"ಎದಿಲೆ ಹರಿಯೂದು ಬಿಟ್ಟು ಬಗ್ಗಿದ್ಯಾಕ್ರಿ ಮಾವ?" ಅಂತ ನಾನು ಹಲುಬಿದೆ.

"ಯಾರ್ಯಾರು ಮುಟ್ಟಿದ ಟೇಪೋ ಏನೋ! ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಿ" ಅಂದರು. ಗಡಿಯಾರ ಕೈತಪ್ಪಿದ್ದರಿಂದ ಇನ್ನೊಂದು ವರ್ಷ ಅವರಿಗೆ ಬೇಳೆಯೇ ಗತಿಯಾಯಿತು.

ಮರುವರ್ಷ ಪಂದ್ಯದವರು ದೊಡ್ಡ ಮನಸ್ಸು ಮಾಡಿ ಟೇಪು ಬಿಟ್ಟು ಸುಣ್ಣದ ಗೆರೆ ಎಳೆಯಲು ಒಪ್ಪಿದರು. ಆದರೆ ಪಂದ್ಯ ಬಂದದ್ದು ದ್ವಾದಶಿಯ ದಿನ! ಹಿಂದಿನ ದಿನ ಏಕಾದಶಿ, ಹನಿ ನೀರೂ ಇಲ್ಲದ ಉಪವಾಸ, ಮರುಬೆಳಿಗ್ಗೆ ಹೊತ್ತು ಮೀರದಂತೆ ಉಂಡು ಮುಗಿಸಬೇಕಾದದ್ದು. ಆ ಏಕಾದಶಿಯ ಸಂಜೆಯೇ ಪತ್ತಿಕೊಂಡದ ಅಜ್ಜಿ ಬಸ್ಸಿಳಿದರು.

"ನಾಳೆ ಎಂಟರೊಳಗ ಪಾರಣಿ. ಮಡೀಲೆ ಬಡಿಸ್ರಿ, ನೋಡ್ತೀನಿ. ಓಡ್ಲಿಕ್ಕೆ ಹೋಗಿ ತಪ್ಪಿಸಿದ್ರೋ, ನಾಳಿನ ಬಸ್ಸಿಗೇ ಮಕ್ಕಳು ನನ್ನ ಜೋಡಿ ಬರ್ತಾವು."

ತಲೆ ನೆಟ್ಟಗಿದ್ದ ಯಾರಾದರೂ ಆ ದಿನ ಪಂದ್ಯ ಬಿಡುತ್ತಿದ್ದರು. ಮಾವ ಮೂರು ಗಂಟೆಗೇ ಎದ್ದು ಅಡುಗೆ ಮುಗಿಸಿ, ಮಡಿಯಲ್ಲೇ, ಖಾಲಿ ಹೊಟ್ಟೆಯಲ್ಲೇ, ಆರೂವರೆಗೆ ಓಡಲು ನಿಂತರು.

ಓಟದ ಕೊನೆಯ ಭಾಗ ನಮ್ಮ ಮನೆಯ ಮುಂದಿನಿಂದಲೇ ಹಾಯುತ್ತಿತ್ತು. ಅಲ್ಲಿಂದ ಸುಣ್ಣದ ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರ. ನಾನೂ ಅಮ್ಮನೂ ಮಾಳಿಗೆ ಮೇಲೆ ನಿಂತಿದ್ದೆವು. ಕೆಳಗೆ ಮಾವನ ಮನೆಯ ಕಟ್ಟೆಯ ಮೇಲೆ ಅಜ್ಜಿ, ಸ್ನಾನ ಮುಗಿಸಿ ಮಡಿಸೀರೆಯಲ್ಲಿ. ಅವರಿಂದ ಎರಡು ಹೆಜ್ಜೆ ದೂರದಲ್ಲಿ ಚಿಕ್ಕವಳು. ಬೀದಿಯ ತಿರುವಿನಲ್ಲಿ ಮಾವನ ತಂಬಿಗೆ ಫಳಕ್ಕನೆ ಹೊಳೆಯಿತು. ಎಲ್ಲರಿಗಿಂತ ಮುಂದಿದ್ದರು! ಅಪ್ಪನನ್ನು ನೋಡಲು ತುದಿಗಾಲಲ್ಲಿ ನಿಂತ ಚಿಕ್ಕವಳು ಜಾರಿ ಕಟ್ಟೆಯಿಂದ ಕೆಳಗೆ ಬಿದ್ದಳು. ಮೊಣಕಾಲು ಕಲ್ಲಿಗೆ ಹೊಡೆದು ರಕ್ತ ಬಂತು. ಎದ್ದು ಅಜ್ಜಿಯ ಕಡೆ ಎರಡೂ ಕೈ ಚಾಚಿದಳು. ಅಜ್ಜಿ ರೂಢಿಯಂತೆ ಹಿಂದೆ ಸರಿದು "ಮಡೀಲಿದ್ದೀನಿ, ಮುಟ್ಟಬ್ಯಾಡ!" ಅಂದರು. ಕೂಸು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು. ಅಷ್ಟರಲ್ಲಿ ಮಾವ ಹತ್ತಿರ ಬಂದರು.

ಅಳುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟು ಅದು ಹೇಳಿತು: "ಹೋಗ್ರಿ ಅಪ್ಪಾ, ನಾ ಮುಟ್ಟೂದಿಲ್ಲ."

ಮಾವ ನಿಂತರು. ತಂಬಿಗೆ ಬಿಸಾಕಿ ಕೂಸನ್ನು ಬಾಚಿ ಎತ್ತಿಕೊಂಡು ಎದೆಗೆ ಒತ್ತಿಕೊಂಡರು. ಗಿರಣಿಯವರು ಒಬ್ಬೊಬ್ಬರಾಗಿ ದಾಟಿ ಹೋದರು. ಒಬ್ಬ ಓಡುತ್ತಲೇ "ಗೀಟು ಅಲ್ಲೇ ಐತಿ ಸಾರ್, ಓಡ್ರೀ!" ಅಂತ ಕೂಗಿದ. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಧೋತರದ ತುದಿಯಿಂದ ರಕ್ತ ಒರೆಸುತ್ತ ಕೂತರು.

ಓಟ ಹೋಯಿತು, ಮಡಿ ಹೋಯಿತು, ಇನ್ನು ಮಕ್ಕಳೂ ಹೋದರು ಅಂದುಕೊಂಡು ನಾನು ದಡದಡ ಮೆಟ್ಟಿಲಿಳಿದು ಬಂದೆ. ಬಂದು ನೋಡಿದರೆ ಅಜ್ಜಿ ಕಟ್ಟೆ ಇಳಿದು ಮಡಿಸೀರೆಯಲ್ಲೇ ಮಣ್ಣಿನಲ್ಲಿ ಕೂತು ಮೊಮ್ಮಗಳ ಕಾಲು ಹಿಡಿದುಕೊಂಡಿದ್ದರು.

"ನನ್ನ ಮಗಳಿಗೂ ಹಿಂಗ ದೂರ ನಿಲ್ಲೂದು ಕಲಿಸಿದ್ದೆ," ಅಂದರು. "ಜ್ವರ ಬಂದಾಗ್ಲೂ ದೂರನ ನಿಲ್ಲತಿತ್ತು."

ಆಮೇಲೆ ಎದ್ದು ತಣ್ಣೀರು ಇನ್ನೊಮ್ಮೆ ತಲೆಗೆ ಸುರಿದುಕೊಂಡು ಒಳಗೆ ಹೋದರು. ಮಾವನನ್ನು ಮಕ್ಕಳ ನಡುವೆ ಕೂರಿಸಿ ತಾವೇ ಬಡಿಸಿದರು. ಸಂಜೆ ಬಸ್ಸಿಗೆ ಒಬ್ಬರೇ ಹತ್ತಿದರು.

"ನಾಳಿಂದ ಮಕ್ಕಳನ್ನ ಎತ್ತಿಕೊಂಡೇ ಅಡಿಗಿ ಮಾಡ್ರಿ," ಅಂದರು ಕಿಟಕಿಯಿಂದ. "ನಾ ಬಂದಾಗ ನನ್ನ ಮಡಿ ನಾ ನೋಡ್ಕೋತೀನಿ."

"ಓಡೂದು?" ಅಂತ ಮಾವ ಮೆಲ್ಲಗೆ ಕೇಳಿದರು.

"ಓಡ್ರಿ. ಮಕ್ಕಳು ಏಳೂದ್ರೊಳಗ ಬರ್ರಿ, ಅಷ್ಟ."

ಅಷ್ಟು ವರ್ಷ ಮಾವನನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದವನು ನಾನು. ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಮಾವ ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ದೊಡ್ಡವಳ ಕೈ ಹಿಡಿದುಕೊಂಡು, ಮನೆಯ ತನಕ ನಿಧಾನವಾಗಿ ನಡೆದೇ ಬಂದರು.