ಗೆರೆಯಪ್ಪನ ಬಿರುಕು

ಗೋಡೆಯ ಮೇಲೆ ಬಿರುಕು ಬರೆಯಲು ಯಾವ ಪೆನ್ಸಿಲು ಯೋಗ್ಯ ಎಂಬುದು ಇದುವರೆಗೆ ಯಾವ ಪಂಡಿತರೂ ಕೈಹಾಕದ ಗಹನವಾದ ಪ್ರಶ್ನೆ. ಆ ಭಾನುವಾರ ಬೆಳಿಗ್ಗೆ, ಮನೆಮಂದಿ ಏಳುವ ಮುಂಚೆ, ಗೆರೆಯಪ್ಪ ಅದನ್ನು ಬಗೆಹರಿಸಿದ. ಗಟ್ಟಿ ಸೀಸದ್ದು ಸುಣ್ಣದ ಮೇಲೆ ಮೂಡುವುದಿಲ್ಲ. ತೀರ ಮೆತ್ತಗಿನದು ಕಾಡಿಗೆ ತೀಡಿದಂತೆ ಕಾಣುತ್ತದೆ. ನಡುವಿನದೇ ಸರಿ. ಸ್ಟೂಲು ಹತ್ತಿ, ನಾಲಿಗೆ ಕಚ್ಚಿಕೊಂಡು, ಮುಂದಿನ ಕೋಣೆಯ ಚಾವಣಿಯ ಮೂಲೆಯಿಂದ ದೀಪದ ಸ್ವಿಚ್ಚಿನ ತನಕ ಒಂದು ಬಿರುಕು ಎಳೆದು ಇಳಿದ.

ಗೆರೆಯಪ್ಪ ಎಂಬುದು ಅವನ ಹೆಸರಲ್ಲ. ಕಟ್ಟಡದ ಕಂಟ್ರಾಕ್ಟರರ ಆಫೀಸಿನಲ್ಲಿ ನಕ್ಷೆ ಬರೆಯುವವನಾದ್ದರಿಂದ ಅಲ್ಲಿಯವರು ಇಟ್ಟದ್ದು, ಬೀದಿಯವರು ಒಪ್ಪಿಕೊಂಡದ್ದು. ಗೆರೆ ಎಳೆಯುವುದರಲ್ಲಿ ಅವನ ಕೈ ಪಳಗಿತ್ತು. ಜನರನ್ನು ನಂಬುವುದರಲ್ಲಿ ಮನಸ್ಸು ಪಳಗಿರಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎಂದೂ, ನಗದಿದ್ದರೆ ಬೆರೆಸಿದ್ದಕ್ಕೆ ನಾಚಿಕೊಂಡಿದ್ದಾನೆ ಎಂದೂ ತಿಳಿಯುವ ಆಸಾಮಿ.

ಬಿರುಕಿಗೆ ಮೂಲ ಕಾರಣ ಮನೆಯ ಮಾಲೀಕರು. "ಮನೆ ಮಾರ್ತಾ ಇದೀನಿ. ನೀವೇ ತಗೊಳ್ಳಿ. ಇಲ್ಲಾಂದ್ರೆ ತಗೊಂಡೋರು ಬಂದು ಇರ್ತಾರೆ, ಖಾಲಿ ಮಾಡ್ಬೇಕಾಗುತ್ತೆ" ಎಂದಿದ್ದರು. ಗೆರೆಯಪ್ಪನಿಗೆ ಬೇಕಾಗಿದ್ದದ್ದು ಒಂದು ವರ್ಷ ಮಾತ್ರ. ಮಗಳು ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಶಾಲೆ ಬೀದಿಯ ತುದಿಯಲ್ಲೇ ಇತ್ತು. ಪರೀಕ್ಷೆ ಮುಗಿದೊಡನೆ ಸಂಸಾರ ಬೇರೆ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಮನೆ ಕೊಳ್ಳುವುದೋ, ಬೇರೊಂದನ್ನು ಬಾಡಿಗೆಗೆ ಹಿಡಿಯುವುದೋ? ಕೇಳದಿದ್ದರೂ ಸಲಹೆ ಬಂತು.

"ಬಾಡಿಗೆ ಅಂದ್ರೆ ತೂತು ಬಿಂದಿಗೆಗೆ ನೀರು ಹೊಯ್ದಂಗೆ. ಕೊಂಡ್ಬಿಡಿ," ಎಂದರು ಮಹಡಿಯ ಮೇಲಿನ ನಿವೃತ್ತ ಪೋಸ್ಟ್‌ಮಾಸ್ಟರು.

"ಒಂದು ವರ್ಷಕ್ಕೆ ಮನೆ ಕೊಳ್ಳೋದಾ? ನಾಲ್ಕು ಸ್ಟಾಪ್ ಹೋಗೋಕೆ ಬಸ್ಸನ್ನೇ ಕೊಂಡಂಗಾಯ್ತು," ಎಂದ ಎದುರುಮನೆಯ ಟೈಲರು.

ಕೈಗೆಟುಕುವ ಬೇರೆ ಬಾಡಿಗೆ ಮನೆಯೆಂದರೆ ಬಸ್ ನಿಲ್ದಾಣದ ಹಿಂದಿನದೊಂದೇ. ಅಲ್ಲಿ ಮಧ್ಯಾಹ್ನವೂ ದೀಪ ಹಚ್ಚಿಕೊಂಡೇ ದೀಪದ ಸ್ವಿಚ್ಚು ಹುಡುಕಬೇಕು. ಶಾಲೆಗೆ ಎರಡು ಬಸ್ಸು ಬದಲಾಯಿಸಬೇಕು. ಆದ್ದರಿಂದ ಗೆರೆಯಪ್ಪ ಮೂರನೆಯ ದಾರಿ ಹಿಡಿದ: ಈ ಮನೆಯನ್ನು ಯಾರೂ ಕೊಳ್ಳಬಾರದು. ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಸುಳ್ಳು ಆಗದು ಎಂದು ಅವನು ನಂಬಿದ್ದ. ಲೋಕದಲ್ಲಿ ಅವನು ನಂಬಿದ್ದದ್ದು ಅದೊಂದನ್ನೇ.

ಅಂದು ಮನೆ ನೋಡಲು ಮೊದಲು ಮಾಲೀಕರ ಜೊತೆ ಬಂದವನು ಔಷಧಿ ಅಂಗಡಿಯವನು, ಸಂಗಡ ತಾಯಿ. ಮುದುಕಿ ಹೊಸ್ತಿಲು ದಾಟುತ್ತಲೇ ಕತ್ತೆತ್ತಿದಳು.

"ಏನೋ ಇದು, ಗೋಡೆ ಬಾಯಿ ಬಿಟ್ಟಿದೆ?"

"ಅರೆ! ಇದು ಮೊನ್ನೆವರೆಗೂ ಇರಲಿಲ್ಲ!" ಎಂದರು ಮಾಲೀಕರು.

"ಅದೇ ನನಗೂ ಭಯ," ಎಂದ ಗೆರೆಯಪ್ಪ.

"ನಡಿಯೋ ಮಗಾ. ಮೊನ್ನೆ ಇಲ್ಲದ್ದು ಇವತ್ತು ಬಂದಿದೆ, ಇವತ್ತು ಇರೋದು ನಾಳೆ ಇರುತ್ತೋ ಇಲ್ವೋ."

ಅವರು ಹಾದಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೋ ಎಂಬ ಗುಮಾನಿಯಿಂದ ಗೆರೆಯಪ್ಪ ಬೀದಿಯ ತಿರುವಿನ ತನಕ ಹಿಂದೆಯೇ ಹೋದ. ತಿರುಗಿ ಬಂದು ಗೋಡೆ ನೋಡಿದ. ಬಿರುಕು ಸ್ವಿಚ್ಚು ದಾಟಿ ಒಂದು ಗೇಣು ಕೆಳಗಿಳಿದಿತ್ತು.

ರಬ್ಬರಿನಿಂದ ಉಜ್ಜಿದ. ಹೋಗಲಿಲ್ಲ. ಬೆರಳಿಟ್ಟ. ಉಗುರು ಒಳಗೆ ಹೋಯಿತು, ಗಾರೆಯ ಪುಡಿ ಉದುರಿತು. ತಾನು ಎಳೆದಿದ್ದ ಭಾಗದಲ್ಲೂ ಅಷ್ಟೇ. ಮಾಲೀಕರ ಕೆಲಸವೋ? ಅವರು ತನ್ನ ಕಣ್ಣೆದುರೇ ನಡೆದುಹೋಗಿದ್ದರು. ಔಷಧಿಯವನು ಬೆಲೆ ಇಳಿಸಲು ಮಾಡಿದನೋ? ಅವನೂ ಕಣ್ಣೆದುರೇ ಇದ್ದ. ಉಳಿದ ಅನುಮಾನಾಸ್ಪದ ವ್ಯಕ್ತಿ ಮನೆ ಒಂದೇ.

"ಯಾಕ್ರೀ, ಮುಖ ಸುಣ್ಣ ಬಳಿದ ಹಾಗಿದೆ?" ಎಂದಳು ಹೆಂಡತಿ.

"ಏನಿಲ್ಲ," ಎಂದ ಗೆರೆಯಪ್ಪ, ಚಾವಣಿ ನೋಡುತ್ತ.

ಎರಡನೆಯವನು ಬಾಡಿಗೆ ಕಾರುಗಳ ಯಜಮಾನ. ಒಳಗೆ ಬಂದವನೇ ಕಾರಿನ ಬಾಗಿಲು ಹಾಕುವಷ್ಟೇ ರಭಸದಿಂದ ಗೋಡೆಗೆ ಒಂದು ಗುದ್ದು ಗುದ್ದಿದ. ಅಂಗೈಯಗಲದ ಗಾರೆ ಕಳಚಿ ಅವನ ಷೂ ಮೇಲೆ ಬಿತ್ತು. ಬೆಲೆ ಕೇಳದೆಯೇ ಹೊರಟುಹೋದ. ಗೆರೆಯಪ್ಪ ಊಟ ಮಾಡಿ ಕೈತೊಳೆದು ಬರುವಷ್ಟರಲ್ಲಿ ಬಿರುಕಿಗೆ ಬಾಗಿಲ ಕಡೆಗೊಂದು ಮರಿಬಿರುಕೂ ಹುಟ್ಟಿತ್ತು.

ಸುದ್ದಿ ಕೇಳಿ ಪೋಸ್ಟ್‌ಮಾಸ್ಟರು ಮಹಡಿಯಿಂದ ಇಳಿದು ಬಂದರು. ಕನ್ನಡಕ ಏರಿಸಿ ಗೋಡೆಯನ್ನು ಹರಿದ ಪಾರ್ಸೆಲ್ಲು ನೋಡುವಂತೆ ನೋಡಿದರು.

"ಒಳಗೆಲ್ಲ ಟೊಳ್ಳಾಗಿದೆ ಕಣಯ್ಯ. ನಾನಾಗಿದ್ರೆ ಇವತ್ತೇ ಬೇರೆ ಮನೆ ನೋಡ್ಕೋತಿದ್ದೆ."

"ನೀವೂ ಇಲ್ಲೇ ಇದೀರಲ್ಲ, ಸಾರ್?"

"ನಾವು ಮೇಲಿನವರಪ್ಪ. ಬಿದ್ರೆ ನಿಮ್ಮ ಮೇಲೆ ತಾನೇ ಬೀಳೋದು!"

ಗೆರೆಯಪ್ಪ ಚಪ್ಪಲಿ ಮೆಟ್ಟಿದ. ನೇರ ಬಸ್ ನಿಲ್ದಾಣದ ಹಿಂದಿನ ಮನೆಗೆ ಹೋಗಿ, ಕತ್ತಲಲ್ಲಿ ಒಡೆಯನನ್ನು ತಡವಿ ಹುಡುಕಿ ಮುಂಗಡ ಕೊಟ್ಟ. ಅಲ್ಲಿಂದ ಮಾಲೀಕರ ಮನೆಗೆ ನಡೆದ.

"ಖಾಲಿ ಮಾಡ್ತೀವಿ, ಸಾರ್. ತಿಂಗಳ ಕೊನೆಗೆ."

"ಅಯ್ಯೋ, ನಾನೇ ನಿಮ್ಮನೆಗೆ ಹೊರಟಿದ್ದೆ," ಎಂದರು ಮಾಲೀಕರು. "ಈ ಬಿರುಕಿಟ್ಕೊಂಡು ಮಾರೋದು ಆಗದ ಮಾತು. ಇನ್ನೊಂದು ವರ್ಷ ನೀವೇ ಇರಿ. ಬಾಡಿಗೆನೂ ಏರಿಸಲ್ಲ."

ಬಾಡಿಗೆ ಏರಿಸುವುದಿಲ್ಲ ಎಂದ ಮಾಲೀಕರನ್ನು ಗೆರೆಯಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಬೀಳುವ ಸೂರಿನಡಿ ಸಂಸಾರವನ್ನು ಕೂಡಿಹಾಕುವ ಹುನ್ನಾರ! ತಾನೇನು ಅಷ್ಟು ದಡ್ಡನೆ?

"ಬೇಡ ಸಾರ್. ನಮಗೂ ಜೀವದ ಮೇಲೆ ಆಸೆ ಇದೆ," ಎಂದು ಖಡಾಖಂಡಿತವಾಗಿ ಹೇಳಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಬೆಳಗಿನ ಪೆನ್ಸಿಲನ್ನೂ ಬಿಡಲಿಲ್ಲ.

ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು.

"ನೀವು ಸ್ಟೂಲ್ ಹತ್ತಿದ್ದು ನಾನು ನೋಡ್ಲಿಲ್ಲ ಅಂದ್ಕೊಂಡ್ರಾ? ಅದೊಂದು ಬಿರುಕೇನ್ರೀ? ಎಷ್ಟು ನೀಟಾಗಿತ್ತು ಅಂದ್ರೆ ಕೆಳಗೆ ನಿಮ್ಮ ಸೈನೊಂದೇ ಬಾಕಿ. ಅದಕ್ಕೇ ನೀವು ಹೊರಗೆ ಹೋದಾಗ ಹೇರ್‌ಪಿನ್ ತಗೊಂಡು ಕೆರೆದು ಸರಿಮಾಡ್ದೆ."

"ನೀನಾ? ಮತ್ತೆ ಆ ಮರಿ?"

"ಅದು ನಂದು, ಅಪ್ಪಾ," ಎಂದಳು ಮಗಳು, ಕೈವಾರದ ಮುಳ್ಳು ತೋರಿಸುತ್ತ.

"ನನಗೊಂದು ಮಾತು ಹೇಳಬಾರದಿತ್ತೇನೇ?" ಎಂದ ಗೆರೆಯಪ್ಪ ಹೆಂಡತಿಗೆ.

"ಹೇಳಿದ್ರೆ ಬಂದೋರ ಮುಂದೆ ಮುಖದಲ್ಲೇ ಸಿಕ್ಕಿಬೀಳ್ತಿದ್ರಿ. ಎಷ್ಟು ಚೆನ್ನಾಗಿ ಹೆದರಿದ್ರಿ ಗೊತ್ತಾ! ನಿಮ್ಮ ಮುಖ ನೋಡೇ ಆ ಕಾರಿನವನು ಓಡಿದ್ದು."

ಗೆರೆಯಪ್ಪ ಬಂದ ಕಾಲಲ್ಲೇ ಮಾಲೀಕರ ಮನೆಗೆ ಓಡಿದ. ಆ ಮನೆಯ ಮೆಟ್ಟಿಲ ಮೇಲೆ ಪೋಸ್ಟ್‌ಮಾಸ್ಟರು ಎದುರಾದರು, ಇಳಿದು ಬರುತ್ತಿದ್ದರು.

"ನಮ್ಮ ಅಳಿಯಂದ್ರಿಗೆ ಕೆಳಗಿನ ಮನೆ ಬಾಡಿಗೆಗೆ ಮಾತಾಡಿ ಬಂದೆ ಕಣಯ್ಯ. ಮಗಳು ಹತ್ತಿರ ಇದ್ದಂಗಾಯ್ತು."

"ಸಾರ್! ಗೋಡೆ ಟೊಳ್ಳು ಅಂದ್ರಿ!"

"ಟೊಳ್ಳೇ. ಆದ್ರೂ ಹೇರ್‌ಪಿನ್‌ನಲ್ಲಿ ಕೆರೆದದ್ದಕ್ಕೆಲ್ಲ ಮನೆ ಬೀಳುತ್ತೇನಯ್ಯ? ನಿಮ್ಮ ಕಿಟಕಿಗೆ ಪರದೆ ಹಾಕಿಸ್ಬೇಕಿತ್ತು."

ತಿಂಗಳ ಕೊನೆಗೆ ಅವರು ಬಸ್ ನಿಲ್ದಾಣದ ಹಿಂದಿನ ಮನೆಗೆ ಹೋದರು. ಮೊದಲ ದಿನ ದೀಪ ಹಚ್ಚಿದಾಗ ಅಡುಗೆಮನೆಯ ಗೋಡೆಯಲ್ಲಿ ಚಾವಣಿಯಿಂದ ನೆಲದ ತನಕ ಒಂದು ಬಿರುಕು ಕಂಡಿತು. ಗೆರೆಯಪ್ಪ ಹೆಂಡತಿಯ ಮುಖ ನೋಡಿದ.

"ನಾನಲ್ಲ," ಎಂದಳು ಅವಳು.

ಮಗಳ ಮುಖ ನೋಡಿದ.

"ನಾನೂ ಅಲ್ಲಪ್ಪಾ."

ಬಿರುಕು ಮನೆಯದೇ ಆಗಿತ್ತು.